ಹೆಜ್ಜಾರ್ಲೆಯ ಹಿಕ್ಕೆ, ಕಾರಿನ ಸಂದಿ

ಕಾರು ತೊಳೆಯುವುದರಲ್ಲಿ ಎರಡು ಬಗೆ. ಬಾನೆಟ್ಟು, ಬಾಗಿಲು, ಗಾಜು ಇವೆಲ್ಲ ಒಂದು ಬಕೆಟ್ ನೀರು, ಒಂದು ಹಳೆಯ ಬನಿಯನ್ನಿಗೆ ಬಗ್ಗುವಂಥವು. ಇನ್ನೊಂದು ಸಂದಿಗೊಂದಿಗಳ ಕೆಲಸ. ಗಾಜಿನ ಅಂಚಿನ ರಬ್ಬರ್ ಬೀಡಿಂಗ್, ವೈಪರ್ ಬುಡದ ಕಪ್ಪು ಜಾಲರಿ, ಚಾವಣಿಯ ಉದ್ದಕ್ಕೂ ಓಡುವ ಸಣ್ಣ ಕಾಲುವೆ. ಬೆರಳು ಹೋಗದ, ಬಟ್ಟೆ ಇಳಿಯದ ಈ ಜಾಗಗಳನ್ನು ಕಾರು ಮಾಡಿದವರು ಕೊಳೆಗೆಂದೇ ಉಂಬಳಿ ಬಿಟ್ಟಂತಿದೆ.

ಈ ಎರಡನೆಯ ವಿದ್ಯೆಗೆ ಪರೀಕ್ಷೆ ನಡೆಯುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಫೆಬ್ರುವರಿ, ಮಾರ್ಚ್‌ನಲ್ಲಿ ಅಲ್ಲಿನ ಹುಣಸೆ ಮರಗಳ ತುಂಬ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಸಂಸಾರ. ನೆರಳಿದೆಯೆಂದು ನಮ್ಮ ಭಾವನವರು ಅಂಥದೊಂದು ಮರದಡಿ ಹೊಸ ಕಾರು ನಿಲ್ಲಿಸಿದರು. ಮೀನುಂಡ ಹಕ್ಕಿಗಳು ನೋಡಿ, ಒಂದೊಂದು ಹಿಕ್ಕೆಯೂ ಸೌಟು ಸುಣ್ಣ! ಗಂಟೆಯೊಳಗೆ ಕಾರಿಗೆ ಸುಣ್ಣ ಬಳಿದಾಗಿತ್ತು. ಭಾವನವರು ಕೀಲಿಕೈ ಹಿಡಿದು ಕೆರೆಯಲು ಹೊರಟಾಗ ಎದುರು ಜಗುಲಿಯ ಅಜ್ಜಿ ಕೂಗಿದರು: "ಕೆರೀಬ್ಯಾಡಿ ಸ್ವಾಮಿ, ನೆನೀಲಿ ಬುಡಿ!"

ಅಜ್ಜಿಯ ಮಾತಿನಲ್ಲಿ ರಸಾಯನಶಾಸ್ತ್ರವಿತ್ತು. ಹಿಕ್ಕೆಯ ಬಿಳುಪು ಯೂರಿಕ್ ಆಮ್ಲ. ನೀರಲ್ಲಿ ಸುಲಭಕ್ಕೆ ಕರಗದು. ಬಿಸಿಲಿಗೆ ಕಾದರೆ ಬಣ್ಣವನ್ನೇ ತಿನ್ನುತ್ತದೆ, ಒಣಗಿದ ಮೇಲೆ ಕೆರೆದರೆ ಗೀರು ಬೀಳುತ್ತದೆ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಡಬೇಕು. ಆಮೇಲೆ ಶಾಂಪೂ ನೀರಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್ಷು. ಅದೂ ಹೋಗದ ಕಡೆಗೆ ಮೆತ್ತನೆಯ ಬಟ್ಟೆ ಸುತ್ತಿದ ಕಡ್ಡಿ. ಕೊನೆಗೆ ಧಾರಾಳವಾಗಿ ನೀರು ಸುರಿದು ಒರೆಸದಿದ್ದರೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿಗೆರೆ ಉಳಿಯುತ್ತದೆ.

ನಾವು ಉಜ್ಜುತ್ತಿದ್ದರೆ ಅಜ್ಜಿ ನಗುತ್ತಿದ್ದರು. "ತವರಿಗೆ ಬಾಣಂತನಕ್ಕೆ ಬಂದ ಮಗಳ ಕೂಸು ಮಡಿಲು ಒದ್ದೆ ಮಾಡುದ್ರೆ ಬಯ್ತಾರಾ?"

ತಮಾಷೆಯ ಮಾತಲ್ಲ ಅದು. ಹಕ್ಕಿ ಗೂಡು ಕಟ್ಟುವುದೂ ಹುಣಸೆ ಹಣ್ಣಾಗುವುದೂ ಒಂದೇ ಕಾಲಕ್ಕೆ. ಮರದ ಒಡೆಯ ಫಸಲು ಬಿಡಬೇಕು, ಇಲ್ಲವೇ ಹಕ್ಕಿ ಓಡಿಸಬೇಕು. ಈ ಊರಿನವರು ಫಸಲು ಬಿಟ್ಟರು. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆಮೇಲೆ ಬಂತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ನಾವು ಮೂಗು ಮುಚ್ಚುವ ಹಿಕ್ಕೆ ಅವರಿಗೆ ಗೊಬ್ಬರ. ಮರದಡಿ ಗುಂಡಿ ತೋಡಿ, ಕೆರೆಗೋಡು ಹರಡಿ, ಬಿದ್ದದ್ದನ್ನೆಲ್ಲ ಹೊಲಕ್ಕೆ ಸಾಗಿಸುವ ರೂಢಿ ಬೆಳೆದದ್ದು ಹಾಗೆ.

2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಹೊಟ್ಟೆಹುಳು ಕಾರಣವೆಂದರು. ಮರಗಳೆಲ್ಲ ಹಾಗೇ ಬರಿದಾಗಿಬಿಟ್ಟರೆ ಕೆಳಗೆ ನಿಂತ ಕಾರು ಫಳಫಳ ಹೊಳೆದೀತು, ನಿಜ. ಅಂಥ ಹೊಳಪನ್ನು ಯಾರು ತಾನೇ ಬಯಸಿಯಾರು?

ನೀವು ಹೋಗುವುದಾದರೆ ಊರಾಚೆ ಬಯಲಲ್ಲಿ ಗಾಡಿ ನಿಲ್ಲಿಸಿ, ನಡೆದು ಬನ್ನಿ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೆಯ ಟೂತ್‌ಬ್ರಷ್ಷು ಮಾತ್ರ ಇರಲಿ. ಹಕ್ಕಿಗೆ ಬಯಲೇನು, ಊರೇನು.