ಪಟ್ಟಿಯಲ್ಲಿಲ್ಲದ ಹುಡುಗ

ಬೆಂಗಳೂರಿನ ಗೃಹಿಣಿಯೊಬ್ಬಳಿಗೆ ಶಾಲೆಯಿಂದ ಬರುತ್ತಿದ್ದ ದೂರು ಸದಾ ಒಂದೇ: “ಹುಡುಗ ಕುಳಿತಲ್ಲಿ ಕೂರುವುದಿಲ್ಲ; ಹೇಳಿದ್ದು ತಲೆಗೆ ಹತ್ತುವುದಿಲ್ಲ.” ಎಂಟು ವರ್ಷದ ಆ ಮಗುವಿಗೆ ಬೈದದ್ದಾಯಿತು, ಹೊಡೆದದ್ದಾಯಿತು, ದೃಷ್ಟಿ ನಿವಾಳಿಸಿದ್ದೂ ಆಯಿತು. ಕಡೆಗೆ ಆಕೆ ಮನೋವೈದ್ಯರನ್ನು ಕಂಡಳು.

ಅವರು ಎರಡು ಪ್ರಶ್ನಾವಳಿಗಳನ್ನು ಕೊಟ್ಟರು: ಒಂದು ತಂದೆತಾಯಿಗಳಿಗೆ, ಇನ್ನೊಂದು ಉಪಾಧ್ಯಾಯರಿಗೆ. ಗಮನದ ಕೊರತೆ, ಅತಿಚಟುವಟಿಕೆಗಳ ಈ ಎ.ಡಿ.ಎಚ್.ಡಿ.ಯನ್ನು ನಿರ್ಣಯಿಸಬೇಕಾದರೆ ಲಕ್ಷಣಗಳು 12 ವರ್ಷ ತುಂಬುವ ಮುನ್ನವೇ ತೋರಿರಬೇಕು. 6 ತಿಂಗಳಾದರೂ ಉಳಿದಿರಬೇಕು. ಮನೆ, ಶಾಲೆಗಳಂಥ ಎರಡು ಕಡೆಯಾದರೂ ಕಾಣಬೇಕು. ತಾಯಿಯ ಮಾತೊಂದೇ ಸಾಲದು.

ಶಾಲೆಯ ಪ್ರಶ್ನಾವಳಿ ಮೂರು ವಾರ ಮುಖ್ಯೋಪಾಧ್ಯಾಯರ ಮೇಜಿನ ಮೇಲೆಯೇ ಉಳಿಯಿತು.

“ಇದು ಸರ್ಕಾರದ ಅಂಗವೈಕಲ್ಯದ ಪಟ್ಟಿಯಲ್ಲಿ ಇದೆಯೇನಮ್ಮಾ?” ಎಂದರು ಅವರು.

ಇರಲಿಲ್ಲ. 2016ರ ಕಾಯಿದೆಯು ಹೆಸರಿಸಿದ 21 ಬಗೆಗಳಲ್ಲಿ ಕಲಿಕೆಯ ನ್ಯೂನತೆಯುಂಟು, ಎ.ಡಿ.ಎಚ್.ಡಿ.ಯ ಹೆಸರಿಲ್ಲ.

ಆಕೆ ಮೆಲ್ಲನೆ ನುಡಿದಳು: “ಪಟ್ಟಿಯಲ್ಲಿಲ್ಲ ಸಾರ್, ನಿಮ್ಮ ತರಗತಿಯಲ್ಲಿದ್ದಾನೆ.”

ಮರುದಿನ ತರಗತಿಯ ಉಪಾಧ್ಯಾಯಿನಿ ಪ್ರಶ್ನಾವಳಿಯನ್ನು ತುಂಬಲು ಕುಳಿತರು. ಒಂದೊಂದು ಪ್ರಶ್ನೆಗೂ ತಲೆಯೆತ್ತಿ ಹುಡುಗನನ್ನು ನೋಡಬೇಕಾಯಿತು. ವೈದ್ಯರ ವರದಿ ಕೈಸೇರುವ ಮೊದಲೇ ಅವನ ಜಾಗ ಕಿಟಕಿಯ ಬದಿಯಿಂದ ಮುಂದಿನ ಬೆಂಚಿಗೆ ಬದಲಾಗಿತ್ತು.

ನೆರವಿನ ಮೊದಲ ಕಂತು ಪ್ರಮಾಣಪತ್ರದಿಂದ ಬರುವುದಿಲ್ಲ. ಮಗುವನ್ನು ದಿಟ್ಟಿಸಿ ನೋಡುವ ಕಣ್ಣಿನಿಂದ ಬರುತ್ತದೆ.