ಗುಬ್ಬಿಗೊಂದು ಮನೆ ಬೇಕಾಗಿದೆ

ಬೆಕ್ಕಿಗೆ ಗುಬ್ಬಿ ಅಂತ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ನಾನು ಭಾನುವಾರಗಳಲ್ಲಿ ಬೆಂಗಳೂರಿನ ಹೊರವಲಯದ ಆ ಶೆಲ್ಟರಿಗೆ ಹೋಗಲು ಶುರು ಮಾಡುವ ಹೊತ್ತಿಗಾಗಲೇ ಅದರ ಗೂಡಿನ ಮೇಲೆ ಆ ಹೆಸರಿನ ಚೀಟಿ ಅಂಟಿಸಿತ್ತು. ನನ್ನ ಕೆಲಸ ಅಂದ್ರೆ ಮರಳಿನ ಟ್ರೇ ತೊಳೆಯೋದು, ನೀರು ಬದಲಾಯಿಸೋದು, ಹಳೇ ಬೆಡ್‌ಶೀಟು ಒಗೆಯೋದು. ಮೊದಲ ಮೂರು ವಾರ ನಾನು ಗುಬ್ಬಿಯನ್ನ ನೋಡಲೇ ಇಲ್ಲ. ಚೀಟಿ ಇದೆ, ಬಟ್ಟಲು ಖಾಲಿಯಾಗುತ್ತೆ, ಟ್ರೇಯಲ್ಲಿ ಬೇಕಾದಷ್ಟು ಸಾಕ್ಷಿ ಇರುತ್ತೆ, ಆದ್ರೆ ಬೆಕ್ಕು ಮಾತ್ರ ಇಲ್ಲ! ನಾಲ್ಕನೇ ವಾರ ಬಗ್ಗಿ ನೋಡಿದಾಗ ಮೂಲೆಯ ರಟ್ಟಿನ ಪೆಟ್ಟಿಗೆಯೊಳಗೆ ಎರಡು ದುಂಡು ಕಣ್ಣು ಕಂಡವು. ಅಷ್ಟೇ.

ಗುಬ್ಬಿ ಹುಟ್ಟಿದ್ದು ಕಟ್ಟುತ್ತಿದ್ದ ಅಪಾರ್ಟ್‌ಮೆಂಟೊಂದರ ಸಿಮೆಂಟ್ ಶೆಡ್ಡಿನ ಹಿಂದೆ. 2023ರ ಮಳೆಗಾಲದಲ್ಲಿ ತಾಯಿ ಗಾಡಿಗೆ ಸಿಕ್ಕಿ ಸತ್ತ ಮೇಲೆ ಯಾರೋ ತಂದುಬಿಟ್ಟರು. ಆಗ ಅದಕ್ಕೆ ನಾಲ್ಕು ತಿಂಗಳು. ಅಲ್ಲೇ ಇರೋದು ತೊಂದರೆ. ಬೆಕ್ಕಿನ ಮರಿಗೆ ಎರಡನೇ ವಾರದಿಂದ ಸುಮಾರು ಏಳನೇ ವಾರದೊಳಗೆ ಮನುಷ್ಯರ ಕೈ, ದನಿ, ವಾಸನೆ ರೂಢಿಯಾಗಬೇಕಂತೆ. ಆ ವಯಸ್ಸು ದಾಟಿದ ಮರಿಗೆ ನಾವು ಅಂದ್ರೆ ದೊಡ್ಡದೊಂದು ಪ್ರಾಣಿ, ಅಷ್ಟೇ. ಪಳಗೋದೇ ಇಲ್ಲ ಅಂತಲ್ಲ, ನಿಧಾನ. ತುಂಬಾ ನಿಧಾನ.

ಶೆಲ್ಟರಿಗೆ ಬರುವವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಬರ್ತಾರೆ, ಕಿತ್ತಳೆ ಬಣ್ಣದ ಮರಿ ಕಾಲಿಗೆ ಉಜ್ಜುತ್ತೆ, "ಅಯ್ಯೋ ನೋಡ್ರೀ, ಇದೇ ನಮ್ಮನ್ನ ಆರಿಸ್ಕೊಳ್ತು" ಅಂತ ಎತ್ಕೊಂಡು ಹೋಗ್ತಾರೆ. ತಪ್ಪೇನಿಲ್ಲ. ಗುಬ್ಬಿ ಯಾರನ್ನೂ ಆರಿಸ್ಕೊಳ್ಳಲಿಲ್ಲ.

ನನಗೋ ಹೊಟ್ಟೆ ಉರಿ. ಆ ಉರಿಯಲ್ಲೇ ಒಂದು ತಪ್ಪು ಮಾಡಿದೆ. ಅದನ್ನ ಹೇಳೋಕೇ ಇಷ್ಟು ಬರೆದದ್ದು.

2024ರ ದೀಪಾವಳಿಗೆ ಹತ್ತು ದಿನ ಮುಂಚೆ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಆರು ವರ್ಷದ ಮಗಳು. ಒಳ್ಳೇ ಜನ. ಮರಿಗಳೆಲ್ಲ ಖಾಲಿಯಾಗಿದ್ದವು. "ಇದು ಹೇಗೆ?" ಅಂತ ಆಕೆ ಗುಬ್ಬಿಯ ಗೂಡು ತೋರಿಸಿದಾಗ ನಾನು ಹೇಳಿದ್ದು: "ತುಂಬಾ ಸಾಧು ಮೇಡಂ. ಒಂದೆರಡು ದಿನ ಹೆದರ್ಕೊಳ್ಳುತ್ತೆ, ಆಮೇಲೆ ಸರಿಹೋಗುತ್ತೆ."

ಎರಡು ದಿನ! ಒಂದು ವರ್ಷದಲ್ಲಿ ಆಗದೇ ಇದ್ದದ್ದು!

ಗುಬ್ಬಿ ಅವರ ಮನೆಯಲ್ಲಿ ವಾಷಿಂಗ್ ಮಷೀನಿನ ಹಿಂದೆ ಸೇರಿಕೊಂಡಿತು. ರಾತ್ರಿ ಮಾತ್ರ ಬಂದು ತಿಂದು ಹೋಗುತ್ತಿತ್ತು. ಅವರು ಪಾಪ ದಿನಾ ಫೋನ್ ಮಾಡಿ "ಇವತ್ತೂ ಹೊರಗೆ ಬರ್ಲಿಲ್ಲ" ಅಂದ್ರೆ ನಾನು "ಬರುತ್ತೆ ಬರುತ್ತೆ" ಅನ್ನುತ್ತಿದ್ದೆ. ಹಬ್ಬದ ದಿನ ಮನೆ ತುಂಬಾ ನೆಂಟರು, ಬೀದಿ ತುಂಬಾ ಪಟಾಕಿ. ಬಂದ ಮಕ್ಕಳಿಗೆ ಬೆಕ್ಕು ತೋರಿಸಬೇಕು ಅಂತ ಮಷೀನು ಸರಿಸಿ ಎಳೆದರಂತೆ. ಗುಬ್ಬಿ ಪರಚಿತು. ಮಗುವಿನ ಕೈಗೆ. ಹಬ್ಬದ ರಾತ್ರಿ ಅವರು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕಾಯ್ತು. ಮಾರನೇ ದಿನ ಬೆಕ್ಕು ವಾಪಸ್. ಆಕೆ ಬೈಯಲಿಲ್ಲ. "ನೀವು ಮೊದಲೇ ಹೇಳಬಹುದಿತ್ತು" ಅಂದರು. ಬೈದಿದ್ದರೇ ವಾಸಿ ಇತ್ತು.

ಗುಬ್ಬಿ ಎರಡು ದಿನ ಏನೂ ತಿನ್ನಲಿಲ್ಲ. ನಾವು ಉಪವಾಸ ಮಾಡಿದ ಹಾಗಲ್ಲ ಅದು, ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಲಿವರ್‌ಗೇ ಪೆಟ್ಟು. ಡಾಕ್ಟರು ಟವೆಲ್ಲಿನಲ್ಲಿ ಸುತ್ತಿ ಸಿರಿಂಜಿನಲ್ಲಿ ತಿನ್ನಿಸುತ್ತಿದ್ದರೆ ನಾನು ಬಾಗಿಲ ಹೊರಗೆ ನಿಂತಿದ್ದೆ.

ಆಗ ನೆನಪಾದದ್ದು ಅಜ್ಜಿ. ನಮ್ಮೂರಿನಲ್ಲಿ ಕೊತ್ತಿಯನ್ನ ಯಾರೂ 'ದತ್ತು' ತಗೊಳ್ಳುತ್ತಿರಲಿಲ್ಲ, ಅವೇ ಬರುತ್ತಿದ್ದವು. ಕೊಟ್ಟಿಗೆಯ ಅಟ್ಟದ ಮೇಲೆ ಒಂದು ಕಾಡುಕೊತ್ತಿ ಇತ್ತು, ನಮ್ಮನ್ನ ಕಂಡರೆ ಬುಸ್ ಅನ್ನೋದು. ಅಜ್ಜಿ ಹಾಲು ಕರೆದಾದ ಮೇಲೆ ಚಿಪ್ಪಿನಲ್ಲಿ ಒಂದಿಷ್ಟು ಇಟ್ಟು, ಅದರ ಕಡೆ ತಿರುಗಿಯೂ ನೋಡದೆ ಸಗಣಿ ಬಾಚೋಕೆ ಹೋಗುತ್ತಿದ್ದಳು. (ಬೆಕ್ಕಿಗೆ ಹಾಲು ಅಷ್ಟು ಒಳ್ಳೇದಲ್ಲ ಅಂತ ಈಗ ಗೊತ್ತು. ಅಜ್ಜಿಗೆ ಹೇಳಿದ್ದರೆ ನನಗೇ ಬೀಳುತ್ತಿತ್ತು!) ನಾನು ಇಣುಕಿದರೆ, "ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡ ಕಣೋ, ಅದರ ಪಾಡಿಗೆ ಅದಿರ್ಲಿ ಬಿಡು" ಅನ್ನೋಳು. ಮುಂದಿನ ಬೇಸಿಗೆ ರಜಕ್ಕೆ ಹೋದಾಗ ಆ ಕೊತ್ತಿ ಅಜ್ಜಿಯ ಸೆರಗಿನ ಮೇಲೆ ಮಲಗಿತ್ತು.

ಅಜ್ಜಿ ಯಾವ ಪುಸ್ತಕವನ್ನೂ ಓದಿದವಳಲ್ಲ. ಆದ್ರೆ 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ದಿಟ್ಟಿಸುವ ಬದಲು ಕಣ್ಣು ಅರ್ಧ ಮುಚ್ಚಿ ನಿಧಾನವಾಗಿ ಮಿಟುಕಿಸಿದರೆ ಅಪರಿಚಿತರ ಹತ್ತಿರವೂ ಬೆಕ್ಕು ಬರುವ ಸಾಧ್ಯತೆ ಹೆಚ್ಚು. 2014ರಲ್ಲಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನವರು, ಶೆಲ್ಟರಿಗೆ ಹೊಸದಾಗಿ ಬಂದ ಬೆಕ್ಕಿಗೆ ಅಡಗಲು ಒಂದು ಪೆಟ್ಟಿಗೆ ಕೊಟ್ಟರೆ ಅದರ ಒತ್ತಡ ಬೇಗ ಇಳಿಯುತ್ತೆ ಅಂತ ತೋರಿಸಿದರು. ನಾವೋ, ಅಡಗಿದ ಬೆಕ್ಕನ್ನ ಎಳೆದು ತೆಗೆಯುವವರು.

ಆಮೇಲೆ ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ ಗುಬ್ಬಿಯ ಗೂಡಿನ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಪೇಪರ್ ಓದೋಕೆ ಶುರು ಮಾಡಿದೆ. ಅರ್ಧ ಗಂಟೆ. ಮುಟ್ಟೋದಿಲ್ಲ, ಕರೆಯೋದಿಲ್ಲ. ಐದು ತಿಂಗಳಾದ ಮೇಲೆ ಒಂದು ದಿನ ಹಿಮ್ಮಡಿಗೆ ಏನೋ ತಣ್ಣಗೆ ತಾಗಿತು. ಮೂಗು. ಓದುತ್ತಿದ್ದ ಸಾಲನ್ನೇ ಹತ್ತು ಸಲ ಓದಿದೆ, ತಿರುಗಲಿಲ್ಲ.

"ಹಾಗಾದ್ರೆ ನೀನೇ ತಂದ್ಕೋ ಮಾರಾಯ" ಅಂತ ಗೆಳೆಯರು ಕೇಳ್ತಾರೆ. ನಮ್ಮನೆಯಲ್ಲಿ ಬೀದಿಯಲ್ಲಿ ಸ್ಕೂಟರ್ ಹೋದರೂ ಮನೆ ಹಾರಿಹೋಗುವಂತೆ ಬೊಗಳುವ ನಾಯಿ ಇದೆ. ಗುಬ್ಬಿಯನ್ನ ಅಲ್ಲಿಗೆ ತಂದರೆ ಅದು ಪ್ರೀತಿ ಅಲ್ಲ, ಇನ್ನೊಂದು ವಾಷಿಂಗ್ ಮಷೀನು.

ಗೂಡಿನ ಮೇಲಿನ ಚೀಟಿಯಲ್ಲಿ ಈಗ 'ಅನುಭವ ಇರುವವರಿಗೆ ಮಾತ್ರ' ಅಂತ ನಾನೇ ಬರೆದಿದ್ದೀನಿ. ಓದಿದವರು ಹತ್ತು ಬೆಕ್ಕು ಸಾಕಿರಬೇಕೇನೋ ಅಂದ್ಕೊಳ್ತಾರೆ. ಅದಲ್ಲ. ಕೊಟ್ಟ ಪ್ರೀತಿಗೆ ತಕ್ಷಣ ರಸೀದಿ ಕೇಳದವರು ಅಂತ ಅರ್ಥ.

ಬೇಕಾಗಿರುವುದು ಇಷ್ಟು: ಚಿಕ್ಕ ಮಕ್ಕಳಿಲ್ಲದ, ಗದ್ದಲ ಕಮ್ಮಿ ಇರುವ ಮನೆ. ಕಿಟಕಿ, ಬಾಲ್ಕನಿಗೆ ಜಾಲರಿ. ಶುರುವಿಗೆ ಒಂದೇ ಒಂದು ರೂಮು, ಅದರಲ್ಲೊಂದು ರಟ್ಟಿನ ಪೆಟ್ಟಿಗೆ. ಸಮಾಧಾನದ ಇನ್ನೊಂದು ಬೆಕ್ಕಿದ್ದರೆ ಒಳ್ಳೇದು, ಅದನ್ನ ನೋಡಿ ಇದೂ ಕಲಿಯುತ್ತೆ. ಲಸಿಕೆ, ಆಪರೇಷನ್ ಎಲ್ಲಾ ಆಗಿದೆ, ಎಡಗಿವಿಯ ತುದಿ ಚೂರು ಕತ್ತರಿಸಿರುವುದು ಅದರ ಗುರುತು. ತಿಂಗಳುಗಟ್ಟಲೆ ನಿಮಗೆ ಕಣ್ಣು ಮಾತ್ರ ಕಾಣಬಹುದು. ತೊಡೆ ಮೇಲೆ ಯಾವತ್ತೂ ಕೂರದೇ ಇರಬಹುದು. ಇಷ್ಟನ್ನೂ ಈ ಸಲ ಮೊದಲೇ ಹೇಳ್ತಾ ಇದ್ದೀನಿ.

ಅಂಥವರು ಯಾರಾದ್ರೂ ನಿಮಗೆ ಗೊತ್ತಿದ್ದರೆ ತಿಳಿಸಿ. ದೀಪಾವಳಿಯ ಹತ್ತಿರ ಮಾತ್ರ ಬೇಡ :)