ಪ್ರಸಾದವನ್ನು ಒಲ್ಲೆನೆಂದ ಹುಡುಗ

ಕೆಲವು ವರ್ಷಗಳ ಹಿಂದಿನ ಮಾತು. ಶ್ರೀಮಠದ ಜಾತ್ರೆಯಲ್ಲಿ ಗೋಧಿ ಹುಗ್ಗಿಯ ದಾಸೋಹ ನಡೆದಿತ್ತು. ಪಂಕ್ತಿಯಲ್ಲಿ ನಾವೇ ನಿಂತು ಬಡಿಸುತ್ತಿದ್ದಾಗ ಪ್ರಸಾದನಿಲಯದ ಹುಡುಗನೊಬ್ಬ ಎಲೆಗೆ ಕೈಯಡ್ಡ ಹಿಡಿದು, "ಬ್ಯಾಡ್ರಿ ಅಜ್ಜಾರ" ಎಂದನು. ಪ್ರಸಾದವನ್ನು ಒಲ್ಲೆನ್ನುವುದನ್ನು ಕಂಡು ಬೆಳೆದವರಲ್ಲ ನಾವು. "ಒಂದು ತುತ್ತಿಗೆ ಏನಾದೀತು?" ಎಂದು ಗದರಿ ಒಂದು ಸೌಟು ಹಾಕಿಯೇ ಬಿಟ್ಟೆವು. ಹುಡುಗ ತಲೆತಗ್ಗಿಸಿ ಉಂಡನು. ಆ ರಾತ್ರಿಯಿಂದ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದನು.

ತಾಯಿ ಬಂದಳು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅವನಿಗೆ ಸೀಲಿಯಾಕ್ ರೋಗವಿದೆಯೆಂಬ ವೈದ್ಯರ ಪತ್ರ ಪ್ರವೇಶದ ಕಾಗದಗಳೊಡನೆ ನಮ್ಮ ಕಚೇರಿಯಲ್ಲಿಯೇ ಇತ್ತು. ನಾವು ಓದಿರಲಿಲ್ಲ.

ಆಮೇಲೆ ಓದಿದೆವು. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶ ಒಳಹೊಕ್ಕರೆ ಇಂಥವರ ದೇಹದ ರಕ್ಷಣಾವ್ಯವಸ್ಥೆಯು ತನ್ನ ಸಣ್ಣ ಕರುಳಿನ ಒಳಪೊರೆಯನ್ನೇ ಕೆಡಿಸುತ್ತದೆ. ಉಂಡುದು ಮೈಗೆ ಹತ್ತುವುದಿಲ್ಲ. ರಕ್ತ ಕುಂದುತ್ತದೆ, ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆಯವರಿಗೆ ಗೋಧಿಯ ಮೇಲೆ ಮೊದಲೇ ಸಂಶಯವಿತ್ತು. 1944-45ರ ಕ್ಷಾಮದಲ್ಲಿ ಬ್ರೆಡ್ ಸಿಕ್ಕದಾದಾಗ ಈ ಮಕ್ಕಳು ಚೇತರಿಸಿಕೊಂಡುದು ಅದಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು. ಉಪವಾಸದ ನಾಡಿನಲ್ಲಿ ಕೆಲವು ಮಕ್ಕಳು ಮೈತುಂಬಿಕೊಂಡರೆಂಬುದು ಎಂಥ ವಿಚಿತ್ರ! ಇಂದಿಗೂ ಇದಕ್ಕೆ ಆಜೀವ ಪಥ್ಯವೊಂದೇ ದಾರಿ. ಗೋಧಿಯುಣ್ಣುವ ಉತ್ತರ ಭಾರತಕ್ಕಿಂತ ನಮ್ಮ ಕಡೆ ಇದು ವಿರಳ. ಆದುದರಿಂದಲೇ ಗುರುತಿಸುವುದು ತಡವಾಗುತ್ತದೆ. ಈ ಹುಡುಗನೂ ಜಂತಿನ ಔಷಧಿ, ಕಬ್ಬಿಣದ ಗುಳಿಗೆಗಳಲ್ಲಿ ನಾಲ್ಕು ವರ್ಷ ಕಳೆದಿದ್ದನು. ತಂದೆತಾಯಂದಿರಿಗೆ ಒಂದು ಮಾತು: ಸಂಶಯ ಬಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿರಿ. ಅದಕ್ಕೆ ಮುನ್ನವೇ ಗೋಧಿ ಬಿಡಿಸಿದರೆ ಪರೀಕ್ಷೆಯಲ್ಲಿ ರೋಗ ಅಡಗಿಬಿಡಬಹುದು.

ಜೋಳ, ರಾಗಿ, ನವಣೆ, ಸಜ್ಜೆ, ಅಕ್ಕಿ ಇರುವ ನಾಡಿನಲ್ಲಿ ಪಥ್ಯವೇನು ಮಹಾ ಎಂದುಕೊಂಡಿದ್ದೆವು. ಜೋಳದ ರೊಟ್ಟಿ ಉಂಡರೂ ಹುಡುಗನ ನೋವು ಪೂರ್ತಿ ನಿಲ್ಲಲಿಲ್ಲ. ವಿಚಾರಿಸಿದರೆ, ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಮ್ಮ ಜೋಳ ಬೀಳುತ್ತಿತ್ತು. ಸಾರಿಗೆ ಹಾಕುವ ಇಂಗಿನ ಡಬ್ಬಿಯ ಮೇಲೆಯೂ ಗೋಧಿ ಹಿಟ್ಟೆಂದು ಅಚ್ಚಾಗಿತ್ತು! ಉಗ್ರಾಣದ ಮೂಲೆಯಲ್ಲಿದ್ದ ಹಳೆಯ ಬೀಸುಕಲ್ಲನ್ನು ತೊಳೆಸಿ ಹೊರತೆಗೆಸಿದೆವು. ಅವನಿಗೆಂದೇ ಬೇರೆ ಹಂಚು, ಬೇರೆ ಕೊಣಮಿಗೆ ಬಂದವು. ಅಡುಗೆಯ ಮುದುಕಪ್ಪ ಮೊದಲು ಗೊಣಗಿದನು; ಹುಡುಗನ ಕೆನ್ನೆಗೆ ರಕ್ತ ಬಂದ ಮೇಲೆ ಆ ಕೊಣಮಿಗೆಯನ್ನು ಇನ್ನಾರಿಗೂ ಮುಟ್ಟಗೊಡಲಿಲ್ಲ.

ಒಂದು ಸಂಜೆ, "ಹೊಟ್ಟೆನೋವಿಗಿಂತ ಹೆಚ್ಚಿನ ಕಷ್ಟ ಯಾವುದಪ್ಪಾ?" ಎಂದು ಕೇಳಿದೆವು. "ಮದುವೀಗೆ ಹೋಗೂದ್ರಿ. ಎಲ್ಲಾರೂ ಒಂದ್ ತುತ್ತಿಗೆ ಏನಾಗ್ತದ ಅಂತಾರ್ರಿ" ಎಂದನು. ಅದು ನಮ್ಮದೇ ಮಾತೆಂದು ಅವನು ನೆನಪಿಸಲಿಲ್ಲ.

ಮರುವರ್ಷದ ಜಾತ್ರೆಯಲ್ಲಿ ಗೋಧಿಯ ಕೊಪ್ಪರಿಗೆಗಳಿಂದ ದೂರದಲ್ಲಿ, ಬೇರೆ ಒಲೆಯ ಮೇಲೆ ನವಣೆಯ ಹುಗ್ಗಿ ಬೆಂದಿತು. ಮೊದಲ ಸೌಟನ್ನು ನಾವೇ ಅವನ ಎಲೆಗೆ ಹಾಕಿದೆವು. ಪಕ್ಕದ ಹುಡುಗರೂ ತಮಗೆ ಅದೇ ಬೇಕೆಂದು ಹಟ ಹಿಡಿದರು. ಎರಡನೆಯ ಪಂಕ್ತಿಗೆ ಪಾತ್ರೆ ಬರಿದಾಗಿತ್ತು.